ಹದ್ದಿನ ಸವಾರರ ಕಣ್ಣು

ಜೂನ್ 9, ಸೋಮವಾರ

ಫಿಜಿಯೋಥೆರಪಿ ಮಾಡಿಸುವ ಸರ್ಫರಾಜ್ ಸರ್ ಹೇಳಿದ್ದಾರೆ: ನಮ್ಮ ಯಜಮಾನರ ಬಲಗೈಯ ಯಾವ ಬೆರಳು ಎಷ್ಟು ಅಲುಗಿತು ಎಂದು ದಿನಾ ಬರೆದಿಡಬೇಕಂತೆ. ಅದಕ್ಕೆ ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ಈ ಡೈರಿಯನ್ನು ಹುಡುಕಿ ತೆಗೆದೆ. ಐದು ತಿಂಗಳ ಹಾಳೆಗಳು ಖಾಲಿ ಇವೆ.

ಇವತ್ತಿನದು: ಹೆಬ್ಬೆರಳು ಇಲ್ಲ. ತೋರುಬೆರಳು ಇಲ್ಲ. ಉಳಿದ ಮೂರೂ ಇಲ್ಲ.

ಇಷ್ಟು ಬರೆದರೂ ಹಾಳೆ ತುಂಬ ಜಾಗ ಉಳಿಯಿತು. ಹೇಗೂ ಯಾರೂ ಓದುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದವಳು ಈಗ ಮಧ್ಯಾಹ್ನ ಮೂರಕ್ಕೆ ನೆಲಕ್ಕೆ ಕುಂಡಿ ಹಚ್ಚಿದ್ದೇನೆ. ಇವರನ್ನು ಎಬ್ಬಿಸುವುದು, ತೊಳೆಯುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಅದರಲ್ಲಿ ಅರ್ಧ ಬಾಯಿಯ ಸಂದಿಯಿಂದ ಸೋರಿದರೆ ಮತ್ತೆ ಬಟ್ಟೆ ಬದಲಿಸುವುದು. ಐವತ್ತೊಂದು ವರ್ಷದ ಸೊಂಟ ನನ್ನದು, ಎಷ್ಟೆಂದು ತಾಳೀತು.

ಎಲ್ಲಕ್ಕಿಂತ ದೊಡ್ಡ ತಲೆನೋವು ಗೋಡೆಯ ಗೂಡಿನಲ್ಲಿಟ್ಟ ಬೂಟಿನ ಡಬ್ಬಿ. ಅದರಲ್ಲಿ ಹನ್ನೆರಡು ಹಕ್ಕಿ, ಹನ್ನೆರಡು ಸವಾರರಿದ್ದಾರೆ. ಹೆಬ್ಬೆರಳಿನಷ್ಟೇ ಎತ್ತರದ, ಬೂದಿ ಬಣ್ಣದ ಗೊಂಬೆಗಳು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರು ನಿಲೋಫರ್ ಎಂಬ ಹುಡುಗಿ ಏಪ್ರಿಲ್‌ನಲ್ಲಿ ತಂದುಕೊಟ್ಟದ್ದು. ಹಲ್ಲಿನ ಅಚ್ಚು ತೆಗೆಯುವ ಮಷೀನಿನಲ್ಲೇ ಇವನ್ನೂ ತೆಗೆಯುತ್ತಾಳಂತೆ. ಅವಳೂ ಅವಳ ಗೆಳೆಯರೂ ಮೇಜಿನ ಮೇಲೆ ಯುದ್ಧದ ಆಟ ಆಡುತ್ತಾರೆ, ಒಬ್ಬೊಬ್ಬರದು ಒಂದೊಂದು ಸೈನ್ಯ. ಇವಳದು ಹದ್ದು, ಗಿಡಗ, ಡೇಗೆಗಳ ಮೇಲೆ ಕೂತು ಹಾರುವ ಸವಾರರ ಸೈನ್ಯ. ಬೇರೆಯವರ ಸೈನ್ಯವೆಲ್ಲ ಕೆಸರಿನ ಬಣ್ಣದ್ದು, ನನ್ನದು ಕಲಘಟಗಿ ತೊಟ್ಟಿಲಿನ ಹಾಗೆ ಕೆಂಪು ಹಳದಿ ಹಸಿರಿನಲ್ಲಿ ಮಿಂಚಬೇಕು ಎಂದು, ತೊಟ್ಟಿಲಿಗೆ ಬಣ್ಣ ಬರೆಯುವ ನಮ್ಮ ಮನೆ ಹುಡುಕಿಕೊಂಡು ಬಂದಳು. ಜುಲೈ ಕೊನೆಗೆ ಪುಣೆಯಲ್ಲಿ ಅವರ ಪಂದ್ಯ. ಜುಲೈ ಇಪ್ಪತ್ತರೊಳಗೆ ಕೊಡುತ್ತೇನೆಂದು ಇವರು ಮಾತು ಕೊಟ್ಟರು. ಮೇ ಮೂರಕ್ಕೆ ಲಕ್ವಾ ಹೊಡೆಯಿತು.

ಡಬ್ಬಿ ವಾಪಸು ಕೊಟ್ಟುಬಿಡೋಣ ಎಂದದ್ದಕ್ಕೆ ಇವರು ಎರಡು ದಿನ ಗಂಜಿ ಮುಟ್ಟಲಿಲ್ಲ. ಈ ಮನುಷ್ಯ ರಬ್ಬರ್ ಚೆಂಡು ಹಿಸುಕಲು ಒದ್ದಾಡುತ್ತಿರುವುದು ಆ ಡಬ್ಬಿಯ ಸಲುವಾಗಿ ಮಾತ್ರ. ಅದು ಮನೆಯಿಂದ ಹೋದರೆ ಮತ್ತೆ ಏಳುವುದಿಲ್ಲ. ನನಗಿರುವ ಹೆದರಿಕೆ ಅದೊಂದೇ.

ಜೂನ್ 11, ಬುಧವಾರ

ಕಾರ ಹುಣ್ಣಿಮೆ. ಓಣಿಯಲ್ಲಿ ಎತ್ತು ಓಡಿಸುವ ಗದ್ದಲ. ಇವರು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಊಟವಾದ ಮೇಲೆ ಎಡಗೈಯಿಂದ ಗೂಡು ತೋರಿಸಿದರು. ಡಬ್ಬಿ ಇಳಿಸಿ ಮಂಚದ ಮೇಲಿಟ್ಟೆ. ಒಂದು ಹದ್ದನ್ನು ಎತ್ತಿ ನನ್ನ ಕೈಯಲ್ಲಿಟ್ಟು, ಒಂದೊಂದೇ ಮಾತು ಜೋಡಿಸಿ ಹೇಳಿದರು:

"ಮೈ ನೀ ಹಚ್ಚು. ರೆಕ್ಕಿ ಹಚ್ಚು. ಮಾರಿ ಮುಟ್ಟಬ್ಯಾಡ. ನನ್ನ ಕೈ ಬರತೈತಿ."

ಮುಟ್ಟಬೇಡ ಎಂದು ನನಗೆ ಹೇಳಬೇಕೇ? ಮದುವೆಯಾಗಿ ಮೂವತ್ತೆರಡು ವರ್ಷದಿಂದ ತೊಟ್ಟಿಲಿಗೆ ನಾನು ಅರಗು ಹಚ್ಚಿದ್ದೇನೆ, ಕೆಂಪು ಹಚ್ಚಿದ್ದೇನೆ, ಅಂಚಿನ ಬಳ್ಳಿ ಬರೆದಿದ್ದೇನೆ, ಕೃಷ್ಣನ ಪೀತಾಂಬರದವರೆಗೂ ಬಂದಿದ್ದೇನೆ. ಕಣ್ಣು ಮಾತ್ರ ಇವರದೇ. ಇವರಿಗಿಂತ ಮುಂಚೆ ನಮ್ಮ ಮಾವನವರದು. ಕಣ್ಣು ಬರೆಯುವ ದಿನ ಇವರು ಸ್ನಾನ ಮಾಡಿ, ಯಾರೊಡನೆಯೂ ಮಾತಾಡದೆ ಪಡಸಾಲೆಯಲ್ಲಿ ಕೂರುತ್ತಾರೆ. ನಾನು ಬಣ್ಣ ಕಲಸಿಕೊಟ್ಟು, ಬಾಗಿಲ ಹಿಂದೆ ನಿಂತು ನೋಡುವುದು. ಮನೆಯ ರಿವಾಜು ಅದು, ನಾನು ಯಾವತ್ತೂ ಬೇಸರ ಮಾಡಿಕೊಂಡಿಲ್ಲ.

ಬೆರಳು: ಯಾವುದೂ ಇಲ್ಲ.

ಜೂನ್ 14, ಶನಿವಾರ

ನಿಲೋಫರ್ ಬಂದಿದ್ದಳು. ಮಳೆಯಲ್ಲಿ ನೆನೆದ ಸ್ಕೂಟರ್, ಕೈಯಲ್ಲಿ ಸೇಬಿನ ಚೀಲ. ಇವರನ್ನು ಕಂಡು ಒಂದು ಕ್ಷಣ ಅವಳ ಮುಖ ಇಳಿಯಿತು, ಮರುಕ್ಷಣ ನಗುನಗುತ್ತ ಮಂಚದ ಬಾಜು ಕೂತಳು.

"ಕಾಕಾ, ಹೆಂಗದೀರಿ? ನೀವು ಅವಸರ ಮಾಡಬ್ಯಾಡ್ರಿ."

"ಆಕ್ಕೈತಿ. ಇಪ್ಪತ್ತಕ್ಕ," ಎಂದರು ಇವರು.

ಅರಗಿನ ಬಣ್ಣಕ್ಕೆ ಬಿಸಿ ಬೇಕು, ಬಿಸಿ ತಾಗಿದರೆ ಈ ಗೊಂಬೆಗಳ ರೆಕ್ಕೆ ಬಾಗುತ್ತದೆ. ಅದಕ್ಕೆ ಅವಳೇ ಸಣ್ಣ ಸಣ್ಣ ಶೀಶೆಗಳಲ್ಲಿ ಬೇರೆ ಬಣ್ಣ ತಂದಿದ್ದಳು. ಚಹಾ ಕೊಡುತ್ತ ಕೇಳಿದೆ, "ಇವರು ಯಾರ ಮ್ಯಾಲ ಯುದ್ಧಕ್ಕ ಹೊಂಟಾರವಾ?"

"ಆನಿ ಮ್ಯಾಲ ಕುಂತ ಬರೋ ರಾಕ್ಷಸರ ಮ್ಯಾಲ, ಕಾಕೂ. ನನ್ನ ಗೆಳೆಯಂದು ಆ ಸೈನ್ಯ. ಎರಡ ವರ್ಷ ಆತು, ಬರೇ ಸೋಲಸಾಕತ್ತಾನ."

"ನಿನಗ ಬ್ಯಾರೆ ಉದ್ಯೋಗ ಇಲ್ಲೇನ?"

"ದಿನಾ ಮಂದಿ ಬಾಯಾಗ ಕೈ ಹಾಕೂದ ಉದ್ಯೋಗ ಕಾಕೂ. ರವಿವಾರ ಒಂದ ದಿನಾರ ಹಕ್ಕಿ ಮ್ಯಾಲ ಕುಂದ್ರಬ್ಯಾಡೇನು?"

ಮೇ ತಿಂಗಳಿಂದ ಈ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ನಕ್ಕದ್ದು ನಾನೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೋಗುವಾಗ ಅವಳ ಹಳೆಯ ಕನ್ನಡಕ ಕೊಟ್ಟು ಹೋದಳು, ಹಲ್ಲು ನೋಡುವಾಗ ಹಾಕಿಕೊಳ್ಳುವುದು, ಮುಂದೆ ಎರಡು ಪುಟ್ಟ ದುರ್ಬೀನು ಇವೆ. ಹಾಕಿಕೊಂಡು ಒಬ್ಬ ಸವಾರನನ್ನು ನೋಡಿದೆ. ಜೋಳದ ಕಾಳಿನಷ್ಟು ತಲೆ. ಅದರಲ್ಲಿ ಮೂಗಿದೆ, ತುಟಿ ಇದೆ, ಕಣ್ಣಿನ ಎರಡು ಗುಣಿಗಳಿವೆ. ಮುಟ್ಟಬೇಡ ಎಂದಿದ್ದಾರೆ, ನೋಡಬೇಡ ಎಂದಿಲ್ಲ.

ಜೂನ್ 19, ಗುರುವಾರ

ಸಾಕಾಗಿದೆ. ರಾತ್ರಿ ಮೂರು ಸಲ ಎಬ್ಬಿಸಿದರು. ಬೆರಳು ಇಲ್ಲ.

ಜೂನ್ 23, ಸೋಮವಾರ

ಇವತ್ತು ಹೆಬ್ಬೆರಳು ಚೂರು ಅಲುಗಿತು! ಸರ್ಫರಾಜ್ ಸರ್ ಕೂಡ ನೋಡಿದರು. ಇವರ ಕಣ್ಣಲ್ಲಿ ನೀರು. ನಾನೂ ಅತ್ತೆ, ಹಿತ್ತಲಿಗೆ ಹೋಗಿ.

ಸೋಮವಾರ, ಬುಧವಾರ, ಶುಕ್ರವಾರ ದವಾಖಾನೆಗೆ ಹೋಗಬೇಕು. ಮುಂದಿನ ಮನೆಯ ಮೈಲಾರವ್ವ, ನಾ ಕರಕೊಂಡ ಹೋಗ್ತೀನಿ, ನೀ ಒಂದೀಟು ಕಾಲ ಚಾಚು ಎನ್ನುತ್ತಾಳೆ. ಅವಳ ಮಗನದೇ ಆಟೋ. ಮುಂದಿನ ವಾರದಿಂದ ನೋಡೋಣ ಎಂದಿದ್ದೇನೆ.

ಬರುವಾಗ ಮಟನ್ ಅಂಗಡಿಯ ಎದುರು ಆಟೋ ನಿಲ್ಲಿಸಿದೆ. ಅಲ್ಲಿ ಯಾವಾಗಲೂ ಹದ್ದುಗಳು ಸುತ್ತುತ್ತಿರುತ್ತವೆ. ಹದ್ದಿನ ಬಣ್ಣ ಕಂದು ಎಂದು ನಾನು ಇಷ್ಟು ದಿನ ತಿಳಿದದ್ದೇ ತಪ್ಪು. ತಿರುಗುವಾಗ ರೆಕ್ಕೆಯ ಅಡಿಯಲ್ಲಿ ಬಾಡಿದ ಗೋಧಿಯ ಬಣ್ಣವಿದೆ, ತುದಿಯಲ್ಲಿ ಕಪ್ಪು, ಬಾಲದ ಹತ್ತಿರ ಇಟ್ಟಿಗೆ ಪುಡಿ ಚೆಲ್ಲಿದಂತಿದೆ. ಬುರ್ಖಾ ಹಾಕಿದ ಒಬ್ಬ ಹೆಂಗಸು, "ಏನ್ ನೋಡಾಕತ್ತೀರಿ, ಏನರ ಬಿತ್ತೇನು?" ಎಂದು ಕೇಳಿದಳು. ಇವರು ಆಟೋದೊಳಗಿಂದ ಗೊಣಗುಟ್ಟಿದರು. ಮೂವತ್ತೆರಡು ವರ್ಷದಲ್ಲಿ ನಾನು ಇವರನ್ನು ಕಾಯಿಸಿದ್ದು ಇದೇ ಮೊದಲು.

ತೊಟ್ಟಿಲ ಮೇಲೆ ನಾವು ಗಿಳಿ ಬರೆಯುತ್ತೇವೆ, ನವಿಲು, ಹಂಸ ಬರೆಯುತ್ತೇವೆ. ಹದ್ದು ಬರೆಯುವಂತಿಲ್ಲ, ಕೂಸಿನ ಮೇಲೆ ಅದರ ನೆರಳು ಬೀಳಬಾರದು ಎಂದು ಮಾವನವರು ಹೇಳುತ್ತಿದ್ದರು. ಸಂಜೆ ನಾಲ್ಕು ಹಕ್ಕಿಗಳ ಗರಿ ಮುಗಿಸಿದೆ. ಒಂದೊಂದು ಗರಿಗೂ ಬಳ್ಳಿಯ ಎಲೆಗೆ ಎಳೆದ ಹಾಗೆ ಹಳದಿಯ ಗೆರೆ. ಮಳೆಗೆ ಬಣ್ಣ ಬೇಗ ಒಣಗುವುದಿಲ್ಲ, ಅದೊಂದು ಕಾಟ.

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಒಂದು ಜೋಡಿ ಎತ್ತು ಮಾಡಿ, ಗುಲಗಂಜಿ ಒತ್ತಿ ಕಣ್ಣಿಟ್ಟೆ. ಮಣ್ಣೆತ್ತಿಗೆ ಹೆಂಗಸರು ಕಣ್ಣಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಇವರು ಮಂಚದಿಂದಲೇ ನೋಡಿ, "ಎಡಗಣ್ಣ ಸೊಟ್ಟ ಆಗೇತಿ," ಎಂದರು. ಆಗಿತ್ತು. ಸರಿ ಮಾಡಲಿಲ್ಲ, ಇರಲಿ ಬಿಡು ಎಂದುಕೊಂಡೆ.

ಹೆಬ್ಬೆರಳು ಮೊನ್ನೆಯಷ್ಟೇ.

ಜೂನ್ 30, ಸೋಮವಾರ

ಇವತ್ತು ಏನಾಯಿತೆಂದು ಬರೆಯಲೂ ಮನಸ್ಸಿಲ್ಲ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹನ್ನೆರಡೂ ಹಕ್ಕಿ, ಹನ್ನೆರಡೂ ಸವಾರರ ಮೈ ಮುಗಿದಿತ್ತು. ಬೆಳಿಗ್ಗೆ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ ಇವರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಸ್ನಾನ ಮಾಡಿಸು ಎಂದರು. ಕಣ್ಣು ಬರೆಯುವ ದಿನದ ಸ್ನಾನ ಅದು ಎಂದು ಗೊತ್ತಾಯಿತು. ಸ್ನಾನ ಮಾಡಿಸಿ, ಶುಭ್ರ ಅಂಗಿ ಹಾಕಿಸಿ, ಬಲಗೈಗೆ ಕುಂಚ ಹಿಡಿಸಿ ಅದು ಜಾರದ ಹಾಗೆ ಬಟ್ಟೆಯ ಪಟ್ಟಿ ಸುತ್ತಿದೆ. ಬಿಳಿ ಕಲಸಿಕೊಟ್ಟೆ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಹಲ್ಲು ಕಚ್ಚಿ, ಸವಾರನ ಮುಖದ ಹತ್ತಿರ ತಂದರು. ಕುಂಚ ನಡುಗಿತು, ಮುಖವೆಲ್ಲ ಸುಣ್ಣ ಬಳಿದ ಹಾಗಾಯಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಹಕ್ಕಿಯನ್ನೇ ಎತ್ತಿ ಗೋಡೆಗೆ ಒಗೆದರು. ರೆಕ್ಕೆ ಮುರಿಯಿತು.

ನಾನು ಬೈದೆ. ಅಳಬೇಕಾಗಿತ್ತೇನೋ, ಬೈದೆ. "ಮೂರ ದಿನ ಹಿಡದೈತಿ ಆ ರೆಕ್ಕೀಗೆ!" ಎಂದು ಕೂಗಿದೆ. ಇವರು ನನ್ನ ಮುಖ ನೋಡಿದರು.

ದವಾಖಾನೆಯಲ್ಲಿ ಸರ್ಫರಾಜ್ ಸರ್ ನನ್ನನ್ನು ಹೊರಗೆ ಕರೆದರು. "ಅಕ್ಕಾರ, ನಡದಾಡತಾರ, ಊಟ ಮಾಡತಾರ. ಆದ್ರ ಸಣ್ಣ ಕೆಲಸ, ಅಂದ್ರ ಸೂಜಿ, ಕುಂಚ, ಅದನ್ನ ನಂಬಕೊಂಡ ಕುಂದ್ರಬ್ಯಾಡ್ರಿ." ಇವರಿಗೆ ಹೇಳಬೇಡಿ ಎಂದು ಕೈ ಮುಗಿದು ಬಂದೆ.

ಮುಖ ಒರೆಸಿ, ರೆಕ್ಕೆ ಅಂಟಿಸಿದ್ದೇನೆ. ಸಂದು ಕಾಣದ ಹಾಗೆ ಮೇಲೊಂದು ಗರಿ ಬರೆಯಬೇಕು.

ಜುಲೈ 5, ಶನಿವಾರ

ಇವರ ಚಿಕ್ಕಪ್ಪನ ಮಗ ಪ್ರಭು ಹುಬ್ಬಳ್ಳಿಯಿಂದ ಬಂದಿದ್ದ. ಮೊದಲು ಬೋರ್ಡು ಬರೆಯುತ್ತಿದ್ದ, ಈಗ ಫ್ಲೆಕ್ಸ್ ಹಾಕುತ್ತಾನೆ. ಗೊಂಬೆಗಳನ್ನು ನೋಡಿ, "ಅಣ್ಣಾ, ಕಣ್ಣ ನಾ ಹಾಕ್ಲ್ಯಾ? ಅರ್ಧಾ ತಾಸಿನ ಕೆಲಸ," ಎಂದ.

ಇವರು ಹಿಸುಕುತ್ತಿದ್ದ ಚೆಂಡು ಕೆಳಗಿಟ್ಟರು. ಅವನು ಹೋದ ಮೇಲೆ ಮಧ್ಯಾಹ್ನದ ಗಂಜಿ ಬೇಡ ಎಂದರು. ರಾತ್ರಿಯದೂ ಬೇಡ. "ಅವನ ಕೈಯಾಗ ಕೊಡ್ತಿ ಅಂದ್ರ, ನನ್ನ ಯಾಕ ಎಬ್ಬಸ್ತಿ ದಿನಾ?" ಎಂದು ಕೇಳಿದರು. ಇಷ್ಟುದ್ದದ ಮಾತು ಮೇ ತಿಂಗಳಿಂದ ಆಡಿರಲಿಲ್ಲ.

ಪ್ರಭುವಿಗೆ ಕೊಟ್ಟರೂ ಇವರು ಏಳುವುದಿಲ್ಲ, ವಾಪಸು ಕಳಿಸಿದರೂ ಏಳುವುದಿಲ್ಲ. ಆ ಹುಡುಗಿಗೆ ಮಾತು ಕೊಟ್ಟದ್ದಂತೂ ಇಪ್ಪತ್ತಕ್ಕೆ. ಎಲ್ಲ ನನ್ನ ತಲೆಯ ಮೇಲೆ.

ಜುಲೈ 9, ಬುಧವಾರ

ಸುಳ್ಳು ಹೇಳಿದೆ.

"ನಿಲೋಫರ್ ಫೋನ್ ಮಾಡಿದ್ಲು. ಪಂದ್ಯಾ ಮುಂದ ಹೋಗೇತಂತ, ದೀಪಾವಳಿಗೆ ಕೊಟ್ರ ಸಾಕಂತ," ಎಂದೆ. ಇವರ ಮುಖ ಹೇಗೆ ಅರಳಿತೆಂದರೆ ನನಗೆ ನೋಡಲಾಗಲಿಲ್ಲ. ಕೇಳದೆಯೇ ಚೆಂಡು ತೆಗೆದುಕೊಂಡು ಹಿಸುಕತೊಡಗಿದರು. ದೀಪಾವಳಿಯವರೆಗೆ ಆಸೆ ಇರುತ್ತದೆ. ಅಷ್ಟರೊಳಗೆ ನಡೆಯುತ್ತಾರೆ, ಆಮೇಲೆ ಒಂದು ಹೇಳಿದರಾಯಿತು.

ಇನ್ನು ಕಣ್ಣು. ಪ್ರಭುವಿಗೆ ಕೊಡುವುದಿಲ್ಲ. ಅರ್ಧ ತಾಸಿನ ಕೆಲಸವಂತೆ.

ಜುಲೈ 14, ಸೋಮವಾರ

ಮೈಲಾರವ್ವ ಇವರನ್ನು ಕರೆದುಕೊಂಡು ಹೋದಳು. ನನಗೆ ಎರಡು ತಾಸು.

ಸ್ನಾನ ಬೆಳಿಗ್ಗೆಯೇ ಆಗಿತ್ತು, ಆದರೂ ಮತ್ತೊಮ್ಮೆ ನೀರು ಹಾಕಿಕೊಂಡೆ. ಪಡಸಾಲೆಯಲ್ಲಿ ಇವರ ಜಾಗದಲ್ಲಿ ಕೂರಲು ಧೈರ್ಯ ಸಾಲದೆ ಬಾಗಿಲ ಹತ್ತಿರ ಕೂತೆ. ಅಲ್ಲಿ ಬೆಳಕೂ ಚೆನ್ನಾಗಿದೆ. ಕನ್ನಡಕ ಹಾಕಿಕೊಂಡು ಮೊದಲನೇ ಸವಾರನನ್ನು ಹಿಡಿದೆ. ಬಿಳಿ ಇಟ್ಟೆ, ಒರೆಸಿದೆ. ಇಟ್ಟೆ, ಒರೆಸಿದೆ. ಕೈ ನಡುಗುತ್ತಿರಲಿಲ್ಲ, ಉಸಿರು ನಡುಗುತ್ತಿತ್ತು. ಇವರು ಬರೆಯುವಾಗ ಉಸಿರು ಬಿಗಿಹಿಡಿಯುವುದಿಲ್ಲ, ನಿಧಾನವಾಗಿ ಬಿಡುತ್ತಲೇ ಗೆರೆ ಎಳೆಯುತ್ತಾರೆ. ಬಾಗಿಲ ಹಿಂದಿನಿಂದ ನನಗೆ ಅದು ಕೇಳಿಸುತ್ತಿತ್ತು. ಹಾಗೇ ಮಾಡಿದೆ. ಮೊದಲು ಮೇಲಿನ ರೆಪ್ಪೆ, ಆಮೇಲೆ ಬಿಳಿ, ಆಮೇಲೆ ಗುಡ್ಡೆ.

ನಾಲ್ಕು ಸವಾರರು, ನಾಲ್ಕು ಹಕ್ಕಿ ಮುಗಿದವು. ಆಟೋ ಸದ್ದಿಗೆ ಎಲ್ಲವನ್ನೂ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ, ಕಳ್ಳಿಯ ಹಾಗೆ.

ಜುಲೈ 16, ಬುಧವಾರ

ಇನ್ನು ನಾಲ್ಕು. ಒಬ್ಬ ಸವಾರನ ಎಡಗಣ್ಣು ಎರಡನೇ ಸಲಕ್ಕೇ ಕೂತಿತು. ಬೆರಳಿನದು ಬರೆಯಲು ಮರೆತಿದ್ದೆ: ಹೆಬ್ಬೆರಳು, ತೋರುಬೆರಳು ಸ್ವಲ್ಪ.

ಜುಲೈ 18, ಶುಕ್ರವಾರ

ಮುಗಿಯಿತು. ಹನ್ನೆರಡನ್ನೂ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ ನೋಡುತ್ತ ಕೂತೆ. ನನ್ನ ಹಕ್ಕಿಗಳು ಎಷ್ಟು ಚೆಂದ ಕಾಣುತ್ತಿದ್ದವು! ಗೋಧಿಯ ಬಣ್ಣದ ಗಿಡಗ, ಕೆಂಪು ಜೀನು, ಹಸಿರು ರುಮಾಲು. ಅನ್ನಕ್ಕೆ ಇಟ್ಟದ್ದು ಸೀದು ಹೋಯಿತು.

ಜುಲೈ 20, ರವಿವಾರ

ಗುಳಿಗೆ ತರುತ್ತೇನೆಂದು ಹೇಳಿ, ಚೀಲದಲ್ಲಿ ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ನಿಲೋಫರ್ ಅಲ್ಲಿಗೇ ಬಂದಿದ್ದಳು. ಮಳೆ ಜೋರಾಗಿತ್ತು, ಒಂದೆರಡನ್ನು ಎತ್ತಿ ನೋಡಿ, "ಯಾ ಅಲ್ಲಾ, ಅಗದಿ ಭಾರಿ ಆಗ್ಯಾವ ಕಾಕೂ! ಕಾಕಾನ ಕೈ ಸುಧಾರಿಸ್ತೇನು?" ಎಂದಳು. ತಲೆ ಅಲ್ಲಾಡಿಸಿದೆ. ಹೌದೋ ಅಲ್ಲವೋ, ಅವಳು ತಿಳಿದಂತೆ ತಿಳಿಯಲಿ.

ಮನೆಗೆ ಬಂದರೆ ಇವರು ಖಾಲಿ ಬೂಟಿನ ಡಬ್ಬಿ ಇರುವ ಗೂಡನ್ನೇ ನೋಡುತ್ತ ಚೆಂಡು ಹಿಸುಕುತ್ತಿದ್ದರು. ಗಂಜಿ ಕುಡಿಸುವಾಗ ನಾನು ಬಟ್ಟಲನ್ನೇ ನೋಡುತ್ತಿದ್ದೆ.

ಜುಲೈ 22, ಮಂಗಳವಾರ

ಎಲ್ಲ ಬಯಲಾಯಿತು.

ಮಧ್ಯಾಹ್ನ ಎರಡರ ಸುಮಾರಿಗೆ ನಿಲೋಫರ್ ಬಾಗಿಲಲ್ಲಿ ನಿಂತಳು. ಫೋನ್ ಕೂಡ ಮಾಡಿರಲಿಲ್ಲ. ನಾನು ಕಣ್ಸನ್ನೆ ಮಾಡುವುದರೊಳಗೆ ಒಳಗೆ ಬಂದು, ಚೀಲದಿಂದ ಗೊಂಬೆಗಳಿದ್ದ ಬೇರೊಂದು ಡಬ್ಬಿ ತೆಗೆದು ಮಂಚದ ಮೇಲೇ ಇಟ್ಟಳು.

"ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಕೆಲಸ ಅಂದ್ರ ಕೆಲಸ, ಹಿಂಥಾದ್ದು ನಾ ಎಲ್ಲೂ ನೋಡಿಲ್ಲ. ಆದ್ರ ನಿನ್ನೆ ಎಲ್ಲಾರೂ ಕೂಡಿ ಮೇಜಿನ ಮ್ಯಾಲ ನಿಲ್ಲಿಸಿ ನೋಡಿದ್ವಿ. ನಕ್ಕು ನಕ್ಕು ಸಾಕ ಮಾಡಿದ್ರು ನನಗ. ಎಲ್ಲಾ ಸವಾರರೂ ಕೆಳಗ ನೋಡಾಕತ್ತಾರ, ರೊಕ್ಕ ಕಳಕೊಂಡವರಗತೆ. ಎದುರಿಗೆ ವೈರಿ ನಿಂತಾನ, ಒಬ್ಬರೂ ಅವನ್ನ ನೋಡವಲ್ರು. ಹದ್ದುಸುದ್ದಾ ಹಂಗ ಅದಾವು. ಹೆದರಿಕಿ ಬರೂದಿಲ್ಲ, ಎತ್ತಿ ಮುದ್ದಾಡಬೇಕು ಅನಸ್ತೈತಿ."

ಇವರು ಮೊದಲು ಡಬ್ಬಿ ನೋಡಿದರು. ಆಮೇಲೆ ಗೂಡಿನಲ್ಲಿದ್ದ ಬೂಟಿನ ಡಬ್ಬಿ. ಆಮೇಲೆ ನನ್ನನ್ನು. ನಿಲೋಫರ್‌ಗೂ ಏನೋ ಹೊಳೆಯಿತು.

"ಕನ್ನಡಕ," ಎಂದರು ಇವರು.

ಅವಳೇ ಹಾಕಿದಳು. ಎಡಗೈಯಲ್ಲಿ ಒಬ್ಬ ಸವಾರನನ್ನು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟು ಹೊತ್ತೋ. ಹೊರಗೆ ಆಡೊಂದು ಒದರುತ್ತಿತ್ತು.

"ರೆಪ್ಪಿ ನಂದು," ಎಂದರು. "ನಾ ಬರದಿಲ್ಲ. ಪ್ರಭೂಗ ಈ ರೆಪ್ಪಿ ಬರೂದಿಲ್ಲ. ಯಾರು?"

"ನಾನ್ರಿ," ಎಂದೆ.

ಗೊಂಬೆಯನ್ನು ಡಬ್ಬಿಯಲ್ಲಿ ಮೆತ್ತಗೆ ಇಟ್ಟರು. ಒಗೆಯಲಿಲ್ಲ. ಒಗೆದಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ನಿಲೋಫರ್ ಕಡೆ ನೋಡಿ ಹೇಳಿದರು, "ತೊಟ್ಟಲದಾಗ ಕೂಸು ಕೆಳಗ ಮಲಗಿರತೈತಿ. ಮ್ಯಾಲಿನ ದೇವ್ರು, ಹಕ್ಕಿ, ಎಲ್ಲಾ ಕೂಸಿನ್ನ ನೋಡಬೇಕು. ಅದಕ ಕೆಳಗ." ಅಷ್ಟು ಹೇಳುವುದರೊಳಗೆ ಬೆವೆತರು.

ಅಯ್ಯೋ ದೇವರೇ, ನನಗೆ ಹೊಳೆಯಲೇ ಇಲ್ಲ! ಇಪ್ಪತ್ನಾಲ್ಕು ಜೊತೆ ಕಣ್ಣು ಬರೆದೆ, ಒಮ್ಮೆಯಾದರೂ ಇಲ್ಲಿ ಕೂಸಿಲ್ಲ, ವೈರಿ ಇದ್ದಾನೆ ಎಂದು ನೆನಪಾಗಲಿಲ್ಲ. ಕಣ್ಣೆಂದರೆ ಕೆಳಗೆ ನೋಡುವುದು ಎಂದೇ ಕೈಗೆ ಗೊತ್ತು.

ನಿಲೋಫರ್ ಕಣ್ಣು ಒದ್ದೆ ಮಾಡಿಕೊಂಡಳು. "ಇರ್ಲಿ ಬಿಡ್ರಿ ಕಾಕಾ, ಹಂಗ ಒಯ್ತೀನಿ," ಎಂದಳು.

"ಇಟ್ಟ ಹೋಗು," ಎಂದರು ಇವರು.

ಗುರುವಾರ ಸಂಜೆ ಐದಕ್ಕೆ ಬರುತ್ತೇನೆ, ರಾತ್ರಿ ಪುಣೆಯ ಬಸ್ಸು ಎಂದು ಹೇಳಿ ಹೋದಳು. ಅವಳ ಸ್ಕೂಟರಿನ ಸದ್ದು ಅಡಗುತ್ತಲೇ ಇವರು ಗೋಡೆಯ ಕಡೆ ಹೊರಳಿ ಮಲಗಿದರು.

ಜುಲೈ 23, ಬುಧವಾರ

ಗಂಜಿ ಇಲ್ಲ. ಗುಳಿಗೆ ಇಲ್ಲ. ದವಾಖಾನೆಗೆ ಹೊರಡಲಿಲ್ಲ. ಮಾತಿಲ್ಲ. ಮೈಲಾರವ್ವ ಬಂದು ಕರೆದರೂ ಹೊರಳಲಿಲ್ಲ.

ನಾನೇ ಕೊಂದ ಹಾಗಾಯಿತು.

ಚೆಂಡು ಮಂಚದ ಕೆಳಗೆ ಉರುಳಿಕೊಂಡಿದೆ. ಎತ್ತಿ ಕೊಡಲು ಧೈರ್ಯವಿಲ್ಲ.

ಜುಲೈ 24, ಗುರುವಾರ

ಮಧ್ಯಾಹ್ನ ಎರಡು ಗಂಟೆ. ಐದನೇ ಸವಾರನ ಬಣ್ಣ ಒಣಗುವವರೆಗೆ ಬರೆದುಬಿಡುತ್ತೇನೆ.

ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಏನೋ ಎಳೆದ ಸದ್ದಾಯಿತು. ಬಂದು ನೋಡಿದರೆ ಇವರು ಮಂಚದಿಂದ ಇಳಿದಿದ್ದಾರೆ! ಎಡಗೈ ಗೋಡೆಯ ಮೇಲೆ, ಬಲಗಾಲು ನೆಲಕ್ಕೆ ತೇಯುತ್ತಿದೆ. ಓಡಿ ಹಿಡಿಯಲು ಹೋದರೆ "ಬ್ಯಾಡ" ಎಂದರು. ಒಂದೊಂದೇ ಹೆಜ್ಜೆ. ಬಾಗಿಲ ಹತ್ತಿರ ಬೆಳಕು ಬೀಳುವ ಕಡೆ ಬಂದು, ಗೋಡೆಗೆ ಬೆನ್ನು ಹಚ್ಚಿ ದೊಪ್ಪೆಂದು ಕೂತರು. ದಣಿವಿಗೆ ಎದೆ ಏರಿಳಿಯುತ್ತಿತ್ತು.

"ಡಬ್ಬಿ ತಗೊಂಬಾ. ಕನ್ನಡಕ ಹಾಕ್ಕೊ."

ತಂದೆ.

"ಮ್ಯಾಲಿನ ರೆಪ್ಪಿ ಇಳಿಸಿ ಬರದೀ. ಅದಕ ಕೆಳಗ ನೋಡ್ತಾವು."

"ನೆಟ್ಟಗ ನೋಡೂ ಕಣ್ಣ ಹೆಂಗ ಬರೀಬೇಕ್ರಿ?"

"ನನಗೇನ ಗೊತ್ತು? ನಮ್ಮಪ್ಪ ಬರದಿಲ್ಲ. ನಾನೂ ಬರದಿಲ್ಲ."

ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಕೆಲಸ. ಆಮೇಲೆ ಇವರು ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗಾದರು.

"ನನ್ನ ನೋಡು," ಎಂದರು.

ನೋಡಿದೆ. ಇವರು ನನ್ನನ್ನೇ ದಿಟ್ಟಿಸುತ್ತಿದ್ದರು. ಬಾಯಿಯ ಒಂದು ಪಕ್ಕ ಜೋತಿದೆ, ಗಡ್ಡ ಬೆಳೆದಿದೆ, ಆದರೆ ಕಣ್ಣು ಎರಡೂ ಸರಿಯಾಗಿವೆ. ಕೆಂಡದಂತಿದ್ದವು. ನನಗೆ ತಲೆ ತಗ್ಗಿಸುವ ಹಾಗಾಯಿತು, ತಗ್ಗಿಸಲಿಲ್ಲ. ಇಷ್ಟು ವರ್ಷದಲ್ಲಿ ಇವರ ಕಣ್ಣನ್ನು ನಾನು ಇಷ್ಟು ಹೊತ್ತು ನೋಡಿರಲೇ ಇಲ್ಲ. ಮದುವೆಯಲ್ಲಿ ಅಂತಃಪಟ ಸರಿಸಿದಾಗಲೂ ಅಲ್ಲ.

"ಸಿಟ್ಟ ಐತೇನ್ರಿ ನನ್ನ ಮ್ಯಾಲ?"

"ಐತಿ."

"ಇರ್ಲಿ. ಹಂಗ ಕುಂದರ್ರಿ. ಅಲಗಬ್ಯಾಡ್ರಿ."

ಹಳೆಯ ಕಣ್ಣು ಅಳಿಸಿದೆ. ರೆಪ್ಪೆ ಮೇಲೆ ಸರಿದರೆ ಗುಡ್ಡೆಯ ಮೇಲೂ ಕೆಳಗೂ ಚೂರು ಬಿಳಿ ಕಾಣುತ್ತದೆ, ಹುಬ್ಬು ಒಳಗೆ ಇಳಿಯುತ್ತದೆ, ಮೂಗಿನ ಪಕ್ಕದ ಮಡಿಕೆ ಆಳವಾಗುತ್ತದೆ. ಇವರನ್ನು ನೋಡುವುದು, ಕನ್ನಡಕ ಇಳಿಸುವುದು, ಬರೆಯುವುದು, ಮತ್ತೆ ನೋಡುವುದು. ಮೊದಲನೆಯವನು ಬೆಪ್ಪನ ಹಾಗಾದ. ಅವನನ್ನು ಇವರ ಕೈಗೆ ಕೊಟ್ಟೆ. "ಗುಡ್ಡಿ ದೊಡ್ಡದಾತು," ಎಂದರು. ಒರೆಸಿ ಬರೆದೆ. ಈ ಸಲ ಸವಾರ ತಲೆ ಎತ್ತಿದ. ನಿಜವಾಗಿ ಹೆದರಿಕೆಯಾಯಿತು ನನಗೆ. ಅವನ ಹದ್ದಿಗೂ ಅದೇ ಕಣ್ಣು ಕೊಟ್ಟೆ.

ಎರಡು, ಮೂರು, ನಾಲ್ಕು. ನಡುವೆ ಗಂಜಿ ತಂದೆ, ಎಡಗೈಯಿಂದ ತಾವೇ ಕುಡಿದರು, ಅಲುಗಬಾರದೆಂದು ಅವಸರ ಅವಸರವಾಗಿ. ಹೊತ್ತು ಕಳೆದ ಹಾಗೆ ಇವರ ಮುಖ ಬದಲಾಗುತ್ತಿತ್ತು. ಐದನೆಯವನ ಬಲಗಣ್ಣಿಗೆ ತಲೆ ಎತ್ತಿದರೆ ಅಲ್ಲಿ ಸಿಟ್ಟಿರಲಿಲ್ಲ. ಕಣ್ಣಂಚಿನಲ್ಲಿ ನೀರು ತುಂಬಿ ನಿಂತಿತ್ತು, ಗುಡ್ಡೆಯ ಗೆರೆಯೇ ಕಾಣುತ್ತಿರಲಿಲ್ಲ.

"ಕಣ್ಣೀರ ತರಬ್ಯಾಡ್ರಿ," ಎಂದೆ. "ಇನ್ನೂ ಏಳ ಮಂದಿ ಉಳದಾರ. ಐದಕ್ಕ ಆಕಿ ಬರ್ತಾಳ."

ನನ್ನ ದನಿಗೆ ನನಗೇ ಆಶ್ಚರ್ಯವಾಯಿತು, ಒಂದು ಕಾಲಕ್ಕೆ ಇವರು ನನಗೆ ಬಣ್ಣ ತೆಳ್ಳಗಾಯಿತೆಂದು ಗದರಿಸುತ್ತಿದ್ದ ದನಿ ಅದು. ಇವರು ಎಡಗೈಯಿಂದ ಮುಖ ಒರೆಸಿಕೊಂಡರು. ಅಷ್ಟಕ್ಕೇ ಬಿಟ್ಟು ನಾನು ಅಡುಗೆಮನೆಗೆ ಬಂದು ಬರೆಯುತ್ತ ಕೂತಿದ್ದೇನೆ. ಸೊಂಟ ಮುರಿದು ಬೀಳುವ ಹಾಗಿದೆ.

ಬಣ್ಣ ಒಣಗಿತೇನೋ. ಪಡಸಾಲೆಯಿಂದ ನನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ. ತಿರುಗಿ ನೋಡಿದರೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಕೆಂಪಗೆ ಅರಳಿಸಿಕೊಂಡು, ನಾನು ಕೂರುವ ಜಾಗವನ್ನೇ ದಿಟ್ಟಿಸುತ್ತ ಕೂತಿದ್ದಾರೆ.

"ಬಾ, ನಂದಾ," ಎನ್ನುತ್ತಿದ್ದಾರೆ. "ಬರಿ."